ಅಮ್ಮನ ಬೆನ್ನು, ತಮ್ಮನ ಚಕ್ರ

2025ರ ಜುಲೈ ತಿಂಗಳ ಒಂದು ಸಂಜೆ. ಮಣಿಪಾಲದ ಆಸ್ಪತ್ರೆಯಲ್ಲಿ ಅಮ್ಮನ ಬೆನ್ನು ತೋರಿಸಿಕೊಂಡು ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ವಾಪಸ್ ಬರುತ್ತಿದ್ದೆವು. ಹೆಬ್ರಿ ದಾಟಿತ್ತು, ಸೋಮೇಶ್ವರ ಇನ್ನೇನು ಬರಬೇಕು. ಮಳೆ ಅಂದ್ರೆ ಮಳೆ. ವೈಪರ್ ಎಷ್ಟು ಬೀಸಿದರೂ ಮುಂದಿನ ರಸ್ತೆ ಕಾಣದು. ನೀರು ತುಂಬಿದ್ದ ಒಂದು ಗುಂಡಿಗೆ ಮುಂದಿನ ಎಡಚಕ್ರ ಇಳಿಯಿತು. 'ಢಬ್' ಅಂತ ಶಬ್ದ. ಹಿಂದಿನ ಸೀಟಿನಲ್ಲಿದ್ದ ಅಮ್ಮ 'ಅಯ್ಯೋ' ಅಂದಳು. ಐವತ್ತು ಮಾರು ಹೋಗುವಷ್ಟರಲ್ಲಿ ಸ್ಟೇರಿಂಗ್ ಎಡಕ್ಕೆ ಎಳೆಯತೊಡಗಿತು.

ತಮ್ಮ ಇಳಿದು ಟಾರ್ಚ್ ಹಾಕಿ ನೋಡಿದ. ಟೈರು ಪೂರ್ತಿ ಕೂತಿತ್ತು. ಎರಡು ತಿಂಗಳ ಹಿಂದಷ್ಟೇ ಹಾಕಿಸಿದ್ದ ಕಪ್ಪು ಬಣ್ಣದ 18 ಇಂಚಿನ ಅಲಾಯ್ ಚಕ್ರದ ಅಂಚು ಒಳಕ್ಕೆ ಮಡಚಿ ಸೀಳಿತ್ತು.

'ಸ್ಟೆಪ್ನಿ ಹಾಕೋಣ ಬಿಡು' ಅಂದ. ಜಾಕ್ ಕೊಟ್ಟ, ಸ್ಪಾನರ್ ತಂದ. ಸ್ಪಾನರ್ ನಟ್ಟಿಗೆ ಕೂರಲೇ ಇಲ್ಲ. ಹೊಸ ಚಕ್ರದ ಜೊತೆ ಬಂದಿದ್ದ ಸಪೂರ ನಟ್ಟುಗಳಿಗೆ ಬೇರೆಯದೇ ಒಂದು ಕೀಲಿ ಬೇಕಿತ್ತು. ಅಂಗಡಿಯವರು ಅದನ್ನು ಪುಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಿದ್ದರಂತೆ. ಅದು ನಮ್ಮ ಮನೆಯ ಟಿವಿ ಸ್ಟ್ಯಾಂಡಿನ ಡ್ರಾಯರ್‌ನಲ್ಲಿ ಬೆಚ್ಚಗೆ ಮಲಗಿತ್ತು.

ಹೆಬ್ರಿಯಿಂದ ಪಂಕ್ಚರ್ ಅಂಗಡಿಯವರೊಬ್ಬರು ಬಂದು, ಹಳೆಯ ಸಾಕೆಟ್ಟೊಂದನ್ನು ನಟ್ಟಿನ ಮೇಲೆ ಸುತ್ತಿಗೆಯಿಂದ ಹೊಡೆದು ಕೂರಿಸಿ, ಒಂದೊಂದನ್ನೇ ತಿರುಗಿಸಿ ಬಿಚ್ಚುವಷ್ಟರಲ್ಲಿ ಎರಡೂವರೆ ಗಂಟೆ ಆಯಿತು. ಅಷ್ಟೂ ಹೊತ್ತು ಅಮ್ಮ ಕೂರಲಾರದೆ, ಕೊಡೆ ಹಿಡಿದು ಕಾರಿಗೆ ಒರಗಿ ನಿಂತಿದ್ದಳು. ನಾನು ಪಕ್ಕದಲ್ಲಿದ್ದೆ. ತಮ್ಮ ಅತ್ತ ಹೋದಾಗ ಅಮ್ಮ ಮೆಲ್ಲಗೆ ಹೇಳಿದಳು:

'ಈ ಚಕ್ರ ಹಾಕಿದ ಮೇಲೆ ನಂಗೆ ಕಾರಲ್ಲಿ ಕೂರೋಕೇ ಆಗ್ತಿಲ್ಲ ಕಣೇ. ಒಂದೊಂದು ಹೊಂಡಕ್ಕೂ ಸೊಂಟದಲ್ಲಿ ಚಳುಕು. ಅವನಿಗೆ ಹೇಳ್ಬೇಡ ಮಾರಾಯ್ತಿ, ಆಸೆಪಟ್ಟು ಹಾಕಿಸಿದಾನೆ.'

ಎರಡು ತಿಂಗಳು ಅಮ್ಮ ಒಂದು ಮಾತೂ ಆಡಿರಲಿಲ್ಲ.

*

ಕಾರಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮದು ಟೊಯೊಟಾ ಹೈರೈಡರ್, ಹೈಬ್ರಿಡ್. ನಮ್ಮ ರಾಮನಗರ ಕಡೆಯ ಬಿಡದಿಯಲ್ಲೇ ತಯಾರಾಗುವ ಕಾರು. 2023ರಲ್ಲಿ ತಮ್ಮ ಸಾಲ ಮಾಡಿ ತೆಗೆದುಕೊಂಡ. ವಾರಕ್ಕೆ ಮೂರು ದಿನ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗುತ್ತಾನೆ, ಹೋಗಿ ಬರಲು 120 ಕಿ.ಮೀ. ಆಗುತ್ತದೆ. ಉಳಿದ ದಿನ ಮನೆಯಿಂದಲೇ ಕೆಲಸ. 2025ರ ಜನವರಿಯಲ್ಲಿ ಅಮ್ಮನ ಬೆನ್ನಿನ ಆಪರೇಷನ್ ಆದ ಮೇಲೆ ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದೂ ಸೇರಿಕೊಂಡಿತು. ಎಲ್ಲ ಸೇರಿ ತಿಂಗಳಿಗೆ ಹೆಚ್ಚು ಕಡಿಮೆ 1,700 ಕಿ.ಮೀ. ಓಡುತ್ತದೆ.

ಹೈಬ್ರಿಡ್ ಅಂದರೆ ಚಾರ್ಜಿಗೆ ಹಾಕುವ ಕಾರು ಅಂತ ಊರಿನಲ್ಲಿ ಹಲವರು ಅಂದುಕೊಂಡಿದ್ದಾರೆ. ಅಲ್ಲ. ಇದಕ್ಕೆ ಪೆಟ್ರೋಲೇ ಹಾಕಬೇಕು. ಒಳಗೆ ಪೆಟ್ರೋಲ್ ಎಂಜಿನ್ನೂ ಇದೆ, ಕರೆಂಟಿನ ಮೋಟಾರೂ ಇದೆ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ ಇಳಿಯುವಾಗ ಮೋಟಾರು ಡೈನಮೋ ಥರ ತಿರುಗಿ ಸಣ್ಣದೊಂದು ಬ್ಯಾಟರಿಯನ್ನು ತುಂಬುತ್ತದೆ. ಆ ಕರೆಂಟಿನಲ್ಲೇ ಕಾರು ಸ್ವಲ್ಪ ದೂರ ಎಂಜಿನ್ ಆಫ್ ಆಗಿ ಓಡುತ್ತದೆ. ಕಂಪನಿಯ ಲೆಕ್ಕದಲ್ಲಿ ಲೀಟರಿಗೆ 27.97 ಕಿ.ಮೀ. ಅದು ಪರೀಕ್ಷಾ ಕೇಂದ್ರದ ಲೆಕ್ಕ. ನಮ್ಮ ಘಾಟಿ, ಹೊಂಡ, ಎಸಿ ಎಲ್ಲ ಸೇರಿ ನಮಗೆ ಸಿಗುತ್ತಿದ್ದುದು 22.4. ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಲೆಕ್ಕ ಬರೆದಿಡುವುದು ಅಪ್ಪನ ಅಭ್ಯಾಸ. ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳೆಲ್ಲ ಕಾರಿನದ್ದೇ.

ಮೇ ತಿಂಗಳಲ್ಲಿ ಹಳೆಯ ಟೈರು ಸವೆದವು. ಆಗ ತಮ್ಮನಿಗೆ ಬೋನಸ್ಸೂ ಬಂದಿತ್ತು. ಟೈರು ಹಾಕಿಸಲು ಹೋದವನು ಚಕ್ರವನ್ನೂ ಹಾಕಿಸಿಕೊಂಡು ಬಂದ. 17 ಇಂಚಿನ ಕಂಪನಿ ಚಕ್ರಗಳನ್ನು ಅಂಗಡಿಯವರೇ ಎಕ್ಸ್‌ಚೇಂಜಿಗೆ ಇಟ್ಟುಕೊಂಡರು. ಕಾರು ಚೆಂದ ಕಾಣುತ್ತಿತ್ತು, ಸುಳ್ಳು ಹೇಳುವುದಿಲ್ಲ. ಕೇರಿಯ ಹುಡುಗರೆಲ್ಲ ಬಂದು ಫೋಟೋ ತೆಗೆಸಿಕೊಂಡರು. ಅಪ್ಪ ಮಾತ್ರ ಜೂನ್ ಕೊನೆಗೆ ಪುಸ್ತಕ ನೋಡಿ, 'ಇದೆಂತ 19.8ಕ್ಕೆ ಇಳಿದಿದೆಯಲ್ಲ' ಅಂದರು. 'ಹೊಸ ಟೈರು, ಸೆಟ್ ಆಗ್ಬೇಕು' ಅಂದ ತಮ್ಮ.

ಸೋಮೇಶ್ವರದ ಆ ರಾತ್ರಿಯ ಮೇಲೆ ನಾನು ಸುಮ್ಮನಿರಲಿಲ್ಲ. ಅಮ್ಮನ ಮಾತು ಹೇಳುವ ಹಾಗಿಲ್ಲ, ಹೇಳದೆ ಇರುವ ಹಾಗೂ ಇಲ್ಲ. ಲೆಕ್ಕ ತೋರಿಸಿಯೇ ಆ ಚಕ್ರ ತೆಗೆಸೋಣ ಅಂದುಕೊಂಡೆ. ವರದಿಗಾರಿಕೆ ಕಲಿತದ್ದು ಇದಕ್ಕಾದರೂ ಬರಲಿ ಅಂತ.

*

ಮೊದಲು ತೂಕ. ಸ್ಟೆಪ್ನಿ ಹಾಕಿದ್ದರಿಂದ ಒಡೆದ ಚಕ್ರ ಡಿಕ್ಕಿಯಲ್ಲಿತ್ತು. ಅದನ್ನು ಟೈರು ಸಮೇತ ಅಡಿಕೆ ತೂಗುವ ತಕ್ಕಡಿಗೆ ಹಾಕಿದೆ. 24 ಕೆಜಿ 600 ಗ್ರಾಂ ಬಂತು. ಇದೇ ಕಾರು ಇಟ್ಟುಕೊಂಡಿರುವ ನೆಂಟರೊಬ್ಬರ ಮನೆಗೆ ಹೋಗಿ ಅವರ ಕಂಪನಿ ಚಕ್ರವನ್ನು ತೂಗಿದೆ. ಸವೆದ ಟೈರು ಸೇರಿ 20 ಕೆಜಿ 400 ಗ್ರಾಂ. ಒಂದು ಚಕ್ರಕ್ಕೆ ನಾಲ್ಕು ಕೆಜಿಗೂ ಹೆಚ್ಚು ವ್ಯತ್ಯಾಸ, ನಾಲ್ಕಕ್ಕೆ ಹತ್ತಿರ ಹತ್ತಿರ 17 ಕೆಜಿ.

'ಸಾವಿರದ ಮುನ್ನೂರು ಕೆಜಿ ಕಾರಿಗೆ 17 ಕೆಜಿ ಯಾವ ಲೆಕ್ಕ?' ಅಂದ ತಮ್ಮ. ಡಿಕ್ಕಿಯಲ್ಲಿ 17 ಕೆಜಿ ಅಕ್ಕಿ ಇಟ್ಟರೆ ನಿಜವಾಗಿಯೂ ಲೆಕ್ಕಕ್ಕಿಲ್ಲ. ಆದರೆ ಚಕ್ರದ ಭಾರ ಬೇರೆ. ಕಾರು ಮುಂದೆ ಹೋಗುವಾಗ ಅದನ್ನು ಮುಂದಕ್ಕೂ ತಳ್ಳಬೇಕು, ಸುತ್ತಲೂ ಬೇಕು. ಬೀಸುವ ಕಲ್ಲು ನೆನಪು ಮಾಡಿಕೊಳ್ಳಿ. ಭಾರ ಅಂಚಿನಲ್ಲಿ ಇದ್ದಷ್ಟೂ ತಿರುಗಿಸಲು ಶುರು ಮಾಡುವುದು ಕಷ್ಟ. ಚಕ್ರ ದೊಡ್ಡದಾದಷ್ಟೂ ಲೋಹದ ಭಾರ ನಡುವಿನಿಂದ ಅಂಚಿನ ಕಡೆಗೆ ಹೋಗುತ್ತದೆ. ನಿಂತು ನಿಂತು ಹೊರಡುವ ರಸ್ತೆಯಲ್ಲಿ ಪ್ರತಿ ಸಲವೂ ಆ ಕಷ್ಟಕ್ಕೆ ಪೆಟ್ರೋಲ್ ಬೇಕು. ಹೈಬ್ರಿಡ್ ಕಾರು ಬ್ರೇಕ್ ಒತ್ತಿದಾಗ ಒಂದಿಷ್ಟನ್ನು ವಾಪಸ್ ಪಡೆಯುತ್ತದೆ, ಪೂರ್ತಿ ಅಲ್ಲ.

ಜೊತೆಗೆ ಈ ಭಾರ ಸ್ಪ್ರಿಂಗಿನ ಕೆಳಗಿರುವ ಭಾರ. ಅಕ್ಕಿ ಮೂಟೆ ಸ್ಪ್ರಿಂಗಿನ ಮೇಲೆ ಕೂತಿರುತ್ತದೆ. ಚಕ್ರ ಕೆಳಗಿದೆ, ಹೊಂಡಕ್ಕೆ ಬಿದ್ದಾಗ ಮೇಲಕ್ಕೆ ಹಾರುವುದು ಅದೇ. ಭಾರದ ಚಕ್ರ ಹಾರಿದರೆ ಏಟೂ ಭಾರ. ಅದು ಹೋಗಿ ಮುಟ್ಟುವುದು ಒಳಗೆ ಕೂತವರ ಬೆನ್ನಿಗೆ.

ಇನ್ನು ಅಳತೆ. ಟೈರಿನ ಪಕ್ಕದಲ್ಲಿ ಬರೆದಿರುವ ಅಂಕಿ ಓದುವುದು ಕಷ್ಟವಲ್ಲ. ನಮ್ಮ ಕಾರಿಗೆ ಕಂಪನಿ ಕೊಟ್ಟದ್ದು 215/60 ಆರ್ 17. ಅಂದರೆ ಟೈರಿನ ಅಗಲ 215 ಮಿಲಿಮೀಟರ್. ಪಕ್ಕದ ಗೋಡೆಯ ಎತ್ತರ ಅಗಲದ ನೂರಕ್ಕೆ 60 ಭಾಗ, ಅಂದರೆ 129 ಮಿ.ಮೀ. ಒಳಗಿನ ಚಕ್ರ 17 ಇಂಚು. ತಮ್ಮ ಹಾಕಿಸಿದ್ದು 225/50 ಆರ್ 18. ಇದರ ಗೋಡೆ 112.5 ಮಿ.ಮೀ. ಅಂದರೆ ರಸ್ತೆಗೂ ಚಕ್ರದ ಲೋಹಕ್ಕೂ ನಡುವೆ ಇದ್ದ ಗಾಳಿಯ ಹಾಸಿಗೆ ಒಂದೂವರೆ ಸೆಂಟಿಮೀಟರಿಗೂ ಹೆಚ್ಚು ತೆಳ್ಳಗಾಗಿತ್ತು. ಅಮ್ಮನ ಚಳುಕಿಗೂ, ಸೀಳಿದ ಅಂಚಿಗೂ ಇಲ್ಲೇ ಕಾರಣವಿತ್ತು.

ಇಡೀ ಟೈರಿನ ಎತ್ತರ ಲೆಕ್ಕ ಹಾಕಿದೆ. ಒಂದು ಇಂಚಿಗೆ 25.4 ಮಿ.ಮೀ. ಹಳೆಯದು 689.8 ಮಿ.ಮೀ., ಹೊಸದು 682.2. ಹೊಸದು ನೂರಕ್ಕೆ ಒಂದರಷ್ಟು ಚಿಕ್ಕದು. ಚಿಕ್ಕ ಚಕ್ರ ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ತಿರುಗುತ್ತದೆ, ಮೀಟರ್ ಹೆಚ್ಚು ಕಿ.ಮೀ. ತೋರಿಸುತ್ತದೆ. ಅಂದರೆ ಅಪ್ಪ ಬರೆದ 19.8 ಕೂಡ ಪೂರ್ತಿ ನಿಜವಲ್ಲ. ನಿಜವಾದದ್ದು 19.6ರ ಹತ್ತಿರ.

ಅಳತೆಯ ಮುಂದೆ ಇನ್ನೊಂದು ಅಂಕಿ ಇರುತ್ತದೆ. ಹಳೆಯ ಟೈರಿನದ್ದು 96, ಹೊಸದರದ್ದು 95. ಇದು ಭಾರ ಹೊರುವ ಶಕ್ತಿಯ ಗುರುತು. 96 ಅಂದರೆ ಒಂದು ಟೈರು 710 ಕೆಜಿ ಹೊರಬಲ್ಲದು, 95 ಅಂದರೆ 690. ಕಂಪನಿ ಕೊಟ್ಟದ್ದಕ್ಕಿಂತ ಈ ಅಂಕಿ ಕಡಿಮೆ ಇರುವ ಟೈರು ಹಾಕಬಾರದು ಎಂಬುದು ಮೂಲಪಾಠ. ಅಂಗಡಿಯಲ್ಲಿ ಯಾರೂ ಇದನ್ನು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಹಣದ ಲೆಕ್ಕ ಕೊನೆಗೆ ಹಾಕಿದೆ. ತಿಂಗಳಿಗೆ 1,700 ಕಿ.ಮೀ. ಓಡಿದರೆ 22.4ರ ಲೆಕ್ಕದಲ್ಲಿ ಸುಮಾರು 76 ಲೀಟರ್, 19.6ರ ಲೆಕ್ಕದಲ್ಲಿ ಸುಮಾರು 87. ಹನ್ನೊಂದು ಲೀಟರ್ ಹೆಚ್ಚು. ಲೀಟರಿಗೆ 103 ರೂಪಾಯಿ ಹಿಡಿದರೂ ತಿಂಗಳಿಗೆ 1,100 ರೂಪಾಯಿ. ಟೈರು 40,000 ಕಿ.ಮೀ. ಬಾಳುವಷ್ಟರಲ್ಲಿ ಇಪ್ಪತ್ತಾರು ಸಾವಿರ ರೂಪಾಯಿ ಹೊಗೆಯಾಗಿ ಹೋಗುತ್ತದೆ.

ನಮ್ಮದು ಮನೆಯ ಲೆಕ್ಕ. ದೊಡ್ಡ ಲೆಕ್ಕವೂ ಇದೆ. ಅಮೆರಿಕದಲ್ಲಿ ಮಾರುವ 2023ರ ಪ್ರಿಯಸ್ ಹೈಬ್ರಿಡ್ ಕಾರಿನ 17 ಇಂಚಿನ ಚಕ್ರದ ಮಾದರಿಗೆ ಅಲ್ಲಿನ ಸರ್ಕಾರಿ ಲೆಕ್ಕದಲ್ಲಿ ಗ್ಯಾಲನ್ನಿಗೆ 57 ಮೈಲಿ. ಅದೇ ಎಂಜಿನ್, 19 ಇಂಚಿನ ಚಕ್ರ ಇರುವ ಮೇಲಿನ ಮಾದರಿಗೆ 52. ನಮ್ಮ ಲೆಕ್ಕದಲ್ಲಿ ಸುಮಾರು 24.2 ಮತ್ತು 22.1 ಕಿ.ಮೀ. ಮೇಲಿನ ಮಾದರಿಯಲ್ಲಿ ಬೇರೆ ಸಾಮಾನುಗಳ ಭಾರವೂ ಇದೆ, ಆದರೂ ಕಣ್ಣಿಗೆ ಕಾಣುವ ದೊಡ್ಡ ವ್ಯತ್ಯಾಸ ಚಕ್ರದ್ದೇ.

*

ಇಷ್ಟೆಲ್ಲ ಹಾಳೆಯ ಮೇಲೆ ಬರೆದು ತಮ್ಮನ ಮುಂದಿಟ್ಟೆ. ಅವನು ನೋಡಿದ. 'ತಿಂಗಳಿಗೆ ಸಾವಿರದ ನೂರು ತಾನೇ? ನಾನು ಕೊಡ್ತೀನಿ. ಒಂದು ಚಕ್ರ ಹೊಸದು ತಂದು ಹಾಕಿದ್ರಾಯ್ತು. ನಿಂಗೆ ಟೈರಿನ ವಿಷಯ ಎಂತ ಗೊತ್ತು?' ಅಂದ.

ಕೊನೆಯ ಮಾತಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಅಮ್ಮ ಹೇಳಿದ್ದನ್ನು ಹೇಳಿಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ನಂಗೂ ಗೊತ್ತಿತ್ತು' ಅಂದ. 'ಕನ್ನಡೀಲಿ ಕಾಣ್ತಿತ್ತು. ಹೊಂಡ ಬಂದಾಗಲೆಲ್ಲ ಸೀಟು ಗಟ್ಟಿ ಹಿಡ್ಕೊಳ್ತಿದ್ಲು. ಅದಕ್ಕೇ ಗಾಳಿ ಇಳಿಸಿದ್ದೆ, ಮೆತ್ತಗಾಗ್ಲಿ ಅಂತ.'

ಎದ್ದು ಹೋಗಿ ಉಳಿದ ಮೂರು ಚಕ್ರದ ಗಾಳಿ ಅಳೆದೆವು. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಬರೆದಿರುವುದಕ್ಕಿಂತ ಆರು ಪಿಎಸ್‌ಐ ಕಡಿಮೆ ಇತ್ತು. ಚಕ್ರ ಸೀಳಿದ್ದರ ಪೂರ್ತಿ ಕಥೆ ಆಗ ಅರ್ಥವಾಯಿತು. ಮೊದಲೇ ತೆಳ್ಳಗಿದ್ದ ಗೋಡೆ, ಅದರೊಳಗೆ ಗಾಳಿಯೂ ಕಡಿಮೆ. ಗುಂಡಿಗೆ ಬಿದ್ದಾಗ ಟೈರು ಪೂರ್ತಿ ಅಪ್ಪಚ್ಚಿಯಾಗಿ ಲೋಹವೇ ಕಲ್ಲಿಗೆ ತಾಗಿದೆ. ಅಮ್ಮನಿಗೆ ನೋವಾಗದಿರಲಿ ಅಂತ ಅವನು ಮಾಡಿದ ಕೆಲಸದಿಂದಲೇ ಅಮ್ಮ ಎರಡೂವರೆ ಗಂಟೆ ಮಳೆಯಲ್ಲಿ ನಿಲ್ಲಬೇಕಾಯಿತು. ಇದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಗಾಳಿ ಕಡಿಮೆಯಾದರೆ ಮೈಲೇಜೂ ಕಡಿಮೆ. ನಾಲ್ಕೂ ಟೈರಿನಲ್ಲಿ ಒಂದು ಪಿಎಸ್‌ಐ ಇಳಿದರೆ ಮೈಲೇಜು ನೂರಕ್ಕೆ 0.2ರಷ್ಟು ಇಳಿಯುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಗಾಳಿ ಇಲ್ಲದ ಸೈಕಲ್ ತುಳಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

*

ಕಂಪನಿ ಚಕ್ರ ಕೊಟ್ಟು ಬಿಟ್ಟಾಗಿತ್ತು. ಹಾಗಾಗಿ ಚಕ್ರವನ್ನೂ ಟೈರನ್ನೂ ಹೊಸದಾಗಿ ಆರಿಸಬೇಕಾಯಿತು. ಈ ಸಲ ಇಬ್ಬರೂ ಒಟ್ಟಿಗೆ ಶಿವಮೊಗ್ಗಕ್ಕೆ ಹೋದೆವು. ಪ್ರಶ್ನೆ ಕೇಳುತ್ತಿದ್ದುದು ನಾನು, ಅಂಗಡಿಯವರು ಉತ್ತರ ಹೇಳುತ್ತಿದ್ದುದು ತಮ್ಮನ ಮುಖ ನೋಡಿ. ಅದಿರಲಿ.

ಅಂಗಡಿಯಲ್ಲಿ ಎರಡು ಥರದ ಅಲಾಯ್ ತೋರಿಸಿದರು. ಒಂದು ಮಾಮೂಲಿ, ಕರಗಿಸಿದ ಅಲ್ಯೂಮಿನಿಯಂ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದ್ದು. ಇನ್ನೊಂದು 'ಫ್ಲೋ ಫಾರ್ಮ್ಡ್'. ಇದನ್ನೂ ಅಚ್ಚಿಗೇ ಹೊಯ್ಯುತ್ತಾರೆ, ಆದರೆ ಆಮೇಲೆ ಬಿಸಿಯಲ್ಲಿ ತಿರುಗಿಸುತ್ತಾ ರೋಲರ್ ಒತ್ತಿ ಹೊರಗಿನ ಬಳೆಯನ್ನು ಎಳೆದು ತೆಳ್ಳಗೆ ಮಾಡುತ್ತಾರೆ. ಚಪಾತಿ ಹಿಟ್ಟು ಲಟ್ಟಿಸಿದ ಹಾಗೆ. ಲೋಹ ಕಡಿಮೆ, ಗಟ್ಟಿ ಹೆಚ್ಚು. ತೂಕದಲ್ಲಿ ಹಗುರ, ಬೆಲೆಯಲ್ಲಿ ಭಾರ. ನಾಲ್ಕಕ್ಕೆ 44,000 ಹೇಳಿದರು.

ಯಾವ ಚಕ್ರವಾದರೂ ಕಾರಿಗೆ ಕೂರಬೇಕಾದರೆ ನಾಲ್ಕು ವಿಷಯ ಹೊಂದಬೇಕು. ಒಂದು, ಬೋಲ್ಟುಗಳ ಸಂಖ್ಯೆ ಮತ್ತು ಅವು ಕೂತಿರುವ ವೃತ್ತದ ಅಳತೆ. ನಮ್ಮ ಕಾರಿಗೆ ಐದು ಬೋಲ್ಟ್, 114.3 ಮಿ.ಮೀ. ಎರಡು, ಚಕ್ರ ಒಳಕ್ಕೆ ಎಷ್ಟು ಹೊರಕ್ಕೆ ಎಷ್ಟು ಎಂಬ ಅಳತೆ, ಅದಕ್ಕೆ ಆಫ್‌ಸೆಟ್ ಅನ್ನುತ್ತಾರೆ. ಇದು ತಪ್ಪಿದರೆ ಟೈರು ಒಳಗೆ ಅಥವಾ ಮಡ್‌ಗಾರ್ಡಿಗೆ ಉಜ್ಜುತ್ತದೆ, ಬೇರಿಂಗಿಗೂ ಪೆಟ್ಟು. ಮೂರು, ನಡುವಿನ ತೂತು. ಹೊರಗಿನ ಚಕ್ರಗಳಲ್ಲಿ ಎಲ್ಲ ಕಾರಿಗೂ ಆಗಲಿ ಅಂತ ಈ ತೂತನ್ನು ದೊಡ್ಡದು ಮಾಡಿರುತ್ತಾರೆ. ಸಂದು ತುಂಬಲು ಬಳೆ ಹಾಕಬೇಕು, ಇಲ್ಲದಿದ್ದರೆ ವೇಗದಲ್ಲಿ ಸ್ಟೇರಿಂಗ್ ನಡುಗಬಹುದು. ನಾಲ್ಕು, ನಟ್ಟು. ಅದರ ಮರೆಯೂ, ಚಕ್ರಕ್ಕೆ ಕೂರುವ ಆಕಾರವೂ ಸರಿಯಿರಬೇಕು, ಸ್ಟೆಪ್ನಿಗೂ ಆಗಬೇಕು. ಬೇರೆ ಕೀಲಿ ಬೇಕಿದ್ದರೆ ಅದು ಕಾರಿನಲ್ಲೇ ಇರಬೇಕು! ಇದಕ್ಕೆ ನಾವು ಎರಡೂವರೆ ಗಂಟೆಯ ಫೀಸು ಕಟ್ಟಿದ್ದೇವೆ.

ಚಿಕ್ಕ ಚಕ್ರ ಹಾಕಿದರೆ ಇನ್ನೂ ಹಗುರ ಅಲ್ಲವೇ ಅಂತ ಕೇಳಿದೆ. ಒಳಗಿರುವ ಬ್ರೇಕಿಗೆ ತಾಗುವ ಅಪಾಯ ಇರುತ್ತದೆ. ಮೇಲಾಗಿ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳನ್ನು ಇಷ್ಟ ಬಂದಂತೆ ಬದಲಿಸುವ ಹಾಗಿಲ್ಲ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದೂ ಇಂಥದ್ದನ್ನೇ. ಕಂಪನಿಯ ಅಳತೆಯಲ್ಲೇ ಇರುವುದು ಎಂದು ತೀರ್ಮಾನಿಸಿದೆವು.

44,000ಕ್ಕೆ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ತಮ್ಮನಿಗೆ ಫೋನಿನಲ್ಲಿ ಒಂದು ಜಾಹೀರಾತು ಸಿಕ್ಕಿತು. ಶಿವಮೊಗ್ಗದಲ್ಲೇ ಒಬ್ಬರು ನಮ್ಮದೇ ಮಾದರಿಯ ಕಾರಿಗೆ ದೊಡ್ಡ ಚಕ್ರ ಹಾಕಿಸಿ, ಕಂಪನಿ ಚಕ್ರ ನಾಲ್ಕನ್ನೂ 18,000ಕ್ಕೆ ಮಾರಾಟಕ್ಕಿಟ್ಟಿದ್ದರು. ಇಬ್ಬರೂ ನಕ್ಕೆವು. ಕೊಳ್ಳುವ ಮೊದಲು ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿ ತಿರುಗಿಸಿ ನೋಡಿಸಿದೆವು. ಅಂಚು ಅಲುಗಾಡಬಾರದು, ಒಳಬದಿಯಲ್ಲಿ ಬಿರುಕಾಗಲಿ ವೆಲ್ಡಿಂಗ್ ಗುರುತಾಗಲಿ ಇರಬಾರದು. ವೆಲ್ಡ್ ಮಾಡಿದ ಅಲಾಯ್ ಎಷ್ಟು ಅಗ್ಗವಾದರೂ ಬೇಡ. ಆ ಜಾಗ ಮತ್ತೆ ಯಾವಾಗ ಬಿಡುತ್ತದೋ ಹೇಳಲಾಗದು. ನಾಲ್ಕೂ ಸರಿ ಇದ್ದವು. ಉಳಿದ ಹಣ ಟೈರಿಗೆ.

*

ಟೈರಿನ ವಿಷಯಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಂಡೆ.

ಟೈರು ತಿರುಗುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ, ಮತ್ತೆ ದುಂಡಗಾಗುತ್ತದೆ. ರಬ್ಬರು ಹೀಗೆ ಮಡಚಿ ಬಿಚ್ಚುವಾಗಲೆಲ್ಲ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ. ದೂರ ಓಡಿದ ಮೇಲೆ ಟೈರು ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಆ ಬಿಸಿ ನೀವು ಹಣ ಕೊಟ್ಟು ಹಾಕಿಸಿದ ಪೆಟ್ರೋಲಿನದ್ದೇ. ಮೈಲೇಜ್ ಟೈರು ಅಂದರೆ ಈ ನಷ್ಟ ಕಡಿಮೆ ಇರುವ ಟೈರು. ಉರುಳುವ ತಡೆ ನೂರಕ್ಕೆ 10 ಕಡಿಮೆಯಾದರೆ ಮೈಲೇಜು ನೂರಕ್ಕೆ ಒಂದರಿಂದ ಎರಡರಷ್ಟು ಹೆಚ್ಚುತ್ತದೆ. ದೊಡ್ಡ ಪವಾಡವೇನಲ್ಲ, ಆದರೆ ದಿನಾ ಓಡುವವರಿಗೆ ಲೆಕ್ಕಕ್ಕೆ ಸಿಗುತ್ತದೆ. ಹೈಬ್ರಿಡ್ಡಿನಲ್ಲಿ ಇದು ಗೊತ್ತಾಗುವುದು ಎಂಜಿನ್ ಆಫ್ ಆಗಿ ಕಾರು ತೇಲಿಕೊಂಡು ಹೋಗುವಾಗ. ಸಲೀಸಾಗಿ ಉರುಳುವ ಟೈರಿದ್ದರೆ ಮಂಡಗದ್ದೆ ಕಡೆಯ ಸಪಾಟು ರಸ್ತೆಯಲ್ಲಿ ಎಂಜಿನ್ ಮತ್ತೆ ಶುರುವಾಗುವುದು ಸ್ವಲ್ಪ ತಡ.

ಆದರೆ ಇಲ್ಲೊಂದು ಸಿಕ್ಕು ಇದೆ. ಸಲೀಸಾಗಿ ಉರುಳುವುದು ಮತ್ತು ಒದ್ದೆ ರಸ್ತೆಯಲ್ಲಿ ಹಿಡಿದು ನಿಲ್ಲುವುದು ಒಂದಕ್ಕೊಂದು ಎದುರು. ಹಿಡಿತ ಹೆಚ್ಚಿಸಿದರೆ ಉರುಳುವುದು ಕಷ್ಟ, ಸಲೀಸು ಮಾಡಿದರೆ ಹಿಡಿತ ಸಡಿಲ. ರಬ್ಬರಿಗೆ ಬೆರೆಸುವ ಕಪ್ಪು ಮಸಿಯ ಬದಲು ಹೆಚ್ಚಿನ ಪಾಲು ಸಿಲಿಕಾ ಬೆರೆಸಿ ಎರಡನ್ನೂ ಸರಿದೂಗಿಸುವ ದಾರಿ ಕಂಡುಕೊಂಡರು. ಮಿಶೆಲಿನ್ ಕಂಪನಿ 1992ರಲ್ಲಿ ಇಂಥ ಟೈರು ತಂದಿತು. ಆದರೂ ಎಲ್ಲ ಟೈರೂ ಎರಡರಲ್ಲೂ ಒಳ್ಳೆಯದಿರುವುದಿಲ್ಲ. ಯುರೋಪಿನಲ್ಲಿ ಪ್ರತಿ ಟೈರಿಗೂ ಇಂಧನಕ್ಕೊಂದು, ಒದ್ದೆ ಹಿಡಿತಕ್ಕೊಂದು ದರ್ಜೆ ಕೊಡುತ್ತಾರೆ, 'ಎ'ಯಿಂದ 'ಇ' ತನಕ. ನಮ್ಮಲ್ಲಿ ಫ್ರಿಜ್ಜಿನ ಮೇಲೆ ಇರುವಂಥದ್ದೇ ಬಿಇಇ ಸ್ಟಾರ್ ಗುರುತು ಕಾರಿನ ಟೈರಿಗೂ ಬಂದಿದೆ, ಎಲ್ಲ ಟೈರಿನ ಮೇಲೂ ಕಾಣುವುದಿಲ್ಲ. ಕೇಳಿ ನೋಡಬೇಕು.

ಅಂಗಡಿಯಲ್ಲಿ ಎರಡು ಟೈರು ಕೊನೆಗೆ ಉಳಿದವು. ಒಂದು ಮೈಲೇಜಿಗೆ ಹೆಸರಾದದ್ದು, ಒದ್ದೆ ಹಿಡಿತದಲ್ಲಿ ಸುಮಾರು. ಇನ್ನೊಂದು ಮೈಲೇಜಿನಲ್ಲಿ ಒಂದು ಮೆಟ್ಟಿಲು ಕೆಳಗೆ, ಒದ್ದೆ ಹಿಡಿತದಲ್ಲಿ ಮೇಲೆ. ತಮ್ಮ ನನ್ನ ಮುಖ ನೋಡಿದ. ನಮ್ಮದು ಆಗುಂಬೆ ರಸ್ತೆ. ಹದಿನಾಲ್ಕು ಹೇರ್‌ಪಿನ್ ತಿರುವು, ವರ್ಷದಲ್ಲಿ ನಾಲ್ಕೈದು ತಿಂಗಳು ಒದ್ದೆ, ಮೇಲಿಂದ ಪಾಚಿ. ಘಾಟಿ ಇಳಿಯುವಾಗ ಗೇರನ್ನು 'ಬಿ'ಗೆ ಹಾಕಿದರೆ ಮೋಟಾರೇ ಕಾರನ್ನು ಹಿಡಿದುಕೊಳ್ಳುತ್ತದೆ ನಿಜ, ಆದರೆ ಕೊನೆಗೆ ರಸ್ತೆಯನ್ನು ಹಿಡಿಯಬೇಕಾದದ್ದು ನಾಲ್ಕು ಅಂಗೈ ಅಗಲದ ರಬ್ಬರು. ಎರಡನೆಯದನ್ನೇ ತೆಗೆದುಕೊಂಡೆವು. 215/60 ಆರ್ 17, 96 ಎಚ್. ಒಂದಕ್ಕೆ ಒಂಬತ್ತು ಸಾವಿರದ ಆಸುಪಾಸು.

ಕೊಳ್ಳುವಾಗ ತಯಾರಾದ ತಾರೀಖು ನೋಡಲು ಮರೆಯಬೇಡಿ. ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 1825 ಅಂದರೆ 2025ರ 18ನೇ ವಾರ. ಮೊದಲು ತಂದಿಟ್ಟ ನಾಲ್ಕರಲ್ಲಿ ಒಂದು ಎರಡು ವರ್ಷ ಹಳೆಯದಿತ್ತು. 'ಇದು ಬೇಡ' ಅಂದೆ. ಆಗ ಮಾತ್ರ ಅಂಗಡಿಯವರು ನನ್ನ ಮುಖ ನೋಡಿ ಮಾತಾಡಿದರು.

ಹಳೆಯ 18 ಇಂಚಿನ ಮೂರು ಚಕ್ರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಹೋದವು. ಒಟ್ಟು ಲೆಕ್ಕದಲ್ಲಿ ನಲವತ್ತು ಸಾವಿರದಷ್ಟು ಕೈ ಬಿಟ್ಟಿತು. ಬೋನಸ್ಸಿನ ಬಹುಪಾಲು. ತಮ್ಮ ಅದರ ಬಗ್ಗೆ ಮಾತಾಡುವುದಿಲ್ಲ, ನಾವೂ ಕೆಣಕುವುದಿಲ್ಲ.

*

ಹೊಸ ಟೈರು ಹಾಕಿದ ಮೊದಲ ಟ್ಯಾಂಕಿಗೆ 21.5 ಬಂತು. ಹಳೆಯ 22.4 ಬರಲಿಲ್ಲ. ಅಪ್ಪ ಪುನಃ ಹುಬ್ಬು ಗಂಟಿಕ್ಕಿದರು. ಇದಕ್ಕೂ ಕಾರಣವಿದೆ. ಹೊಸ ಟೈರಿನಲ್ಲಿ ರಬ್ಬರು ದಪ್ಪ, ಮಡಚುವ ರಬ್ಬರು ಹೆಚ್ಚು, ನಷ್ಟವೂ ಹೆಚ್ಚು. ಸವೆದಷ್ಟೂ ಟೈರು ಸಲೀಸಾಗಿ ಉರುಳುತ್ತದೆ. ಅಂದರೆ ಆ 22.4 ಸವೆದ ಟೈರಿನ ಮೈಲೇಜು. ಹಾಗಂತ ಸವೆದದ್ದನ್ನೇ ಓಡಿಸಬಾರದು. ಕಾರಿನ ಟೈರಿನ ಗೀರು 1.6 ಮಿ.ಮೀ.ಗೆ ಬಂದರೆ ಕಾನೂನಿನ ಲೆಕ್ಕದಲ್ಲಿ ಅದರ ಆಯಸ್ಸು ಮುಗಿಯಿತು. ಗೀರಿನ ಒಳಗೆ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತದೆ, ಮೇಲಿನ ರಬ್ಬರು ಆ ದಿಬ್ಬದ ಮಟ್ಟಕ್ಕೆ ಬಂದರೆ ಬದಲಿಸಲೇಬೇಕು. ನಮ್ಮ ಮಳೆಗೆ ಅದಕ್ಕಿಂತ ಸ್ವಲ್ಪ ಮೊದಲೇ ಬದಲಿಸಿದರೆ ಒಳ್ಳೆಯದು.

ನಾಲ್ಕನೇ ಟ್ಯಾಂಕಿಗೆ 22.1 ಬಂತು. ಅಪ್ಪ ಅದರ ಕೆಳಗೆ ಗೆರೆ ಎಳೆದರು.

ಹೊಸ ಟೈರು ಹಾಕಿದ ಮೇಲೆ ಆಗಸ್ಟಿನಲ್ಲಿ ಮತ್ತೆ ಮಣಿಪಾಲಕ್ಕೆ ಹೋದೆವು. ಹೊರಡುವ ಮೊದಲು ತಮ್ಮ ತಣ್ಣಗಿದ್ದ ಟೈರಿನ ಗಾಳಿ ನಾಲ್ಕೂ ಅಳೆದ, ಸ್ಟೆಪ್ನಿಯದ್ದೂ ಅಳೆದ. ಅಮ್ಮನಿಗೆ ಯಾರೂ ಏನೂ ಹೇಳಲಿಲ್ಲ. 'ಆ ಚಕ್ರ ಎಂತಕ್ಕೆ ತೆಗೆದ್ಯಾ, ಚೆಂದ ಇತ್ತಲ್ಲ' ಅಂದಳು. 'ಮೈಲೇಜ್ ಬರ್ತಿರ್ಲಿಲ್ಲಮ್ಮ' ಅಂದ ತಮ್ಮ. ನಾನು ಕಿಟಕಿಯ ಹೊರಗೆ ನೋಡಿದೆ.

ವಾಪಸ್ ಬರುವಾಗ ಹೆಬ್ರಿ ದಾಟಿದ ಮೇಲೆ ತಮ್ಮ ಕಾರು ನಿಧಾನ ಮಾಡಿದ. ಆ ಗುಂಡಿ ಹಾಗೇ ಇತ್ತು, ನೀರು ತುಂಬಿಕೊಂಡು. ಬದಿಯಿಂದ ದಾಟಿಸಿದ. ಕನ್ನಡಿಯಲ್ಲಿ ಹಿಂದೆ ನೋಡಿ, 'ಮಲಗಿದಾಳೆ' ಅಂದ. ಆಗುಂಬೆ ಹತ್ತಿ ಮುಗಿದರೂ ಅಮ್ಮನಿಗೆ ಎಚ್ಚರವಾಗಲಿಲ್ಲ.

ನಿಮ್ಮ ಮನೆಯ ಕಾರು ಹೈಬ್ರಿಡ್ ಆಗಿರಲಿ, ಹಳೆಯ ಓಮ್ನಿ ಆಗಿರಲಿ, ಇವತ್ತು ಒಂದು ಸಲ ಇಳಿದು ಟೈರು ನೋಡಿ. ಬಾಗಿಲ ಕಂಬದ ಸ್ಟಿಕ್ಕರ್ ಓದಿ ಗಾಳಿ ಅಳೆಸಿ. ದೊಡ್ಡ ಚಕ್ರ ಹಾಕಿಸುವ ಆಸೆ ಇದ್ದರೆ ಹಾಕಿಸುವ ಮೊದಲು ಹಿಂದಿನ ಸೀಟಿನಲ್ಲಿ ಕೂರುವವರನ್ನು ಒಂದು ಮಾತು ಕೇಳಿ. ಅವರು 'ಪರವಾಗಿಲ್ಲ' ಅಂದರೂ ಕನ್ನಡಿಯಲ್ಲಿ ಅವರ ಮುಖ ನೋಡಿ.